ಬೆಂಚನ್ನು ಕೇಳಿ

ನಮ್ಮ ಸರ್ ತೀರಿಕೊಂಡರು ಎಂದು ಶಕ್ಕು ಫೋನ್ ಮಾಡಿದಾಗ ನಾನು ಹಿಂಜವಾಡಿಗೆ ಹೋಗುವ ಕಂಪನಿ ಬಸ್ಸಿನಲ್ಲಿದ್ದೆ. ಬಸ್ಸು ದಿನದ ಹಾಗೆ ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟಿತ್ತು. ಪಕ್ಕದ ಸೀಟಿನ ಹುಡುಗಿ ನನ್ನ ಮುಖ ನೋಡಿ ನೀರಿನ ಬಾಟಲಿ ಮುಂದೆ ಹಿಡಿದಳು. ಪಾಪ, ದುಃಖ ಎಂದುಕೊಂಡಳು. ನನಗೆ ಬಂದದ್ದು ಸಿಟ್ಟು. ಆ ಮನುಷ್ಯನ ಬಾಯಿಂದ ಒಂದೇ ಒಂದು ಮಾತು ಕೇಳಬೇಕೆಂದು ಇಪ್ಪತ್ತೆಂಟು ವರ್ಷ ಕಾದಿದ್ದೆ. ಹೇಳದೆ ಹೋದರು.

ಹಾವು ಹನ್ನೆರಡು ವರ್ಷ ದ್ವೇಷ ಇಟ್ಟುಕೊಳ್ಳುತ್ತದಂತೆ. ಆ ಲೆಕ್ಕದಲ್ಲಿ ನಾನು ಹಾವಿಗೂ ಪಾಠ ಹೇಳಬಲ್ಲೆ. ನನಗೆ ಬೇಕಾಗಿದ್ದ ಮಾತೇನೂ ದೊಡ್ಡದಲ್ಲ. "ಆ ದಿವಸ ಇಕಿ ಕಾಲಿಗೆ ಏನೂ ಆಗಿದ್ದಿಲ್ಲ, ನಾನ ಸುಳ್ಳು ಹೇಳಿದ್ದೆ" ಎಂದು ನಾಲ್ಕು ಜನರ ಮುಂದೆ ಅವರು ಒಪ್ಪಿಕೊಂಡಿದ್ದರೆ ಸಾಕಿತ್ತು.

ಸರ್ ಧಾರವಾಡದ ಕಡೆಯವರು. ಖಡಕಿಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದರು. ತಯಾರಾಗಿ ಬಂದ ಬಿಡಿಭಾಗಗಳಿಗೆ ಅಳತೆಯ ಗೇಜು ಹಾಕಿ ನೋಡುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಇಡುವುದು, ಇಷ್ಟೇ ಹಗಲೆಲ್ಲ ಕೆಲಸ. ಐದು ಗಂಟೆಗೆ ಕಾರ್ಖಾನೆ ಬಿಟ್ಟ ಮೇಲೆ ಕಾಲನಿಯ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ನನ್ನ ಪ್ರಕಾರ ಅಲ್ಲೂ ಅವರು ಮಾಡುತ್ತಿದ್ದದ್ದು ಅದೇ ಕೆಲಸ, ಬಣ್ಣವೊಂದು ಇರಲಿಲ್ಲ.

ಬಾಸ್ಕೆಟ್‌ಬಾಲ್ ಕೋಚ್ ಎಂದರೆ ತಾಳೆಮರದಂಥ ಆಳನ್ನು ನೆನೆಸಿಕೊಳ್ಳಬೇಡಿ. ನಮ್ಮಲ್ಲಿ ಅರ್ಧದಷ್ಟು ಹುಡುಗಿಯರು ಅವರಿಗಿಂತ ಎತ್ತರವಿದ್ದೆವು. ಸೀಟಿಯನ್ನು ಹಳೆಯ ಶೂ ಲೇಸಿಗೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಅವರು ಕೂಗಿದ್ದನ್ನು ಯಾರೂ ಕೇಳಿಲ್ಲ. ಸಿಟ್ಟು ಬಂದರೆ ಆಟ ನಿಲ್ಲಿಸಿ, ತಪ್ಪು ಮಾಡಿದವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಶೂ ಲೇಸನ್ನು ಬಿಚ್ಚಿ ಮೊದಲಿನಿಂದ ಕಟ್ಟುತ್ತಿದ್ದರು. ಗಂಟು ಬೀಳುವ ಹೊತ್ತಿಗೆ ಅವರ ಸಿಟ್ಟು ಇಳಿದಿರುತ್ತಿತ್ತು. ನಮಗೆ ಮಾತ್ರ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ತಂದೆಯ ವಯಸ್ಸಿನ ಗಂಡಸು ಬಂದು ಕಾಲ ಬಳಿ ಕೂತರೆ ಹದಿನೇಳರ ಹುಡುಗಿ ಏನು ಮಾಡಬೇಕು? ಇದಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಖಡಕಿ ಬಜಾರಿನ ಚಹಾದಂಗಡಿಯಲ್ಲಿ ಅವರ ದರಬಾರು. ಅಮೆರಿಕದ ವೃತ್ತಿಪರ ಆಟ ನಮ್ಮಲ್ಲಿ ಬೆಳಿಗ್ಗೆ ಕಾಣಿಸುತ್ತದೆ. ಆಗ ಅಂಗಡಿಯ ಟಿವಿಯಲ್ಲಿ ನೋಡುತ್ತಿದ್ದೆವು, ಆಮೇಲೆ ಅವರವರ ಫೋನಿನಲ್ಲಿ. ಆಟಕ್ಕಿಂತ ದೊಡ್ಡದಾಗಿದ್ದದ್ದು ಅದರ ನಂತರದ ವಾದ. ಈ ಆಟ ಕಂಡ ಕೋಚ್‌ಗಳಲ್ಲೆಲ್ಲ ದೊಡ್ಡವನು ಯಾರು? ಇದೊಂದೇ ಪ್ರಶ್ನೆ, ವರ್ಷಗಟ್ಟಲೆ. ದೂರದ ಆ ಹೆಸರುಗಳು ನಮ್ಮ ನಾಲಿಗೆಗೆ ಒಗ್ಗುತ್ತಿರಲಿಲ್ಲವಾದ್ದರಿಂದ ನಾವೇ ಹೆಸರಿಟ್ಟಿದ್ದೆವು. ಎಲ್ಲರಿಗಿಂತ ಹೆಚ್ಚು ಗೆದ್ದವನು ಕಪ್‌ಸಾಹೇಬ. ಸೋಲುತ್ತಿದ್ದರೂ ಕೈಕಟ್ಟಿ ಕೂತಿರುವವನು ಮೌನಿಬಾಬಾ. ದೊಡ್ಡ ದೊಡ್ಡ ಆಟಗಾರರನ್ನೂ ಶಾಲೆಯ ಹುಡುಗರಂತೆ ಗದರಿಸುವವನು ಮಾಸ್ತರ. ಒಂದು ಟೇಬಲ್ಲಿಗೆ ಮೂರು ಪಕ್ಷ ಸಾಕಲ್ಲವೇ? ನಾನು ಯಾವ ಪಕ್ಷಕ್ಕೂ ಸೇರಿರಲಿಲ್ಲ. ಸರ್ ಯಾರನ್ನು ಹೊಗಳಿದರೂ ಅವನನ್ನು ತೆಗಳುವುದು ನನ್ನ ಪಕ್ಷ. ಅದಕ್ಕಾಗಿ ಎಷ್ಟು ಓದಿದೆ, ಎಷ್ಟು ಹಳೆಯ ಆಟ ನೋಡಿದೆ ಎಂದರೆ ಅಷ್ಟು ಕಾಲೇಜಿಗೆ ಓದಿದ್ದರೆ ಚಿನ್ನದ ಪದಕ ಬರುತ್ತಿತ್ತು.

ಸರ್ ವಾದಕ್ಕೆ ಗ್ಲುಕೋಸ್ ಬಿಸ್ಕಿಟ್ ಬಳಸುತ್ತಿದ್ದರು. ಟೇಬಲ್ ಮೇಲೆ ಐದು ಬಿಸ್ಕಿಟ್ ಜೋಡಿಸಿ, ಚಹಾ ಹನಿಯಿಂದ ಗೆರೆ ಎಳೆದು, ಯಾವ ಕೋಚ್ ಯಾವ ಆಟಗಾರನನ್ನು ಎಲ್ಲಿಂದ ಎಲ್ಲಿಗೆ ಓಡಿಸಿದ ಎಂದು ತೋರಿಸುವರು. ತಪ್ಪು ಮಾಡಿದ ಬಿಸ್ಕಿಟ್ಟನ್ನು ಎತ್ತಿ ಚಹಾದಲ್ಲಿ ಅದ್ದಿ ತಿಂದುಬಿಡುವರು. ಬಡಕಲು ಮೈಯವರಾದರೂ ಭಾನುವಾರ ಒಂದು ಪುಡಾ ಬಿಸ್ಕಿಟ್ ಅವರೊಬ್ಬರೇ ಮುಗಿಸುತ್ತಿದ್ದರು.

"ಕಪ್‌ಸಾಹೇಬನಷ್ಟು ಕಪ್ ಯಾರ ಕಡೆ ಅದಾವ್ರಿ ಸರ?" ಎಂದು ಯಾರಾದರೂ ಶುರುಮಾಡುತ್ತಿದ್ದರು.

"ಅವನ ಹುಡುಗರನ್ನ ನನಗ ಕೊಡ್ರಿ, ನಾನೂ ಗೆಲ್ತೀನಿ. ಈ ಚಹಾದಾಂವಗ ಕೊಡ್ರಿ, ಇಂವಾನೂ ಗೆಲ್ತಾನ."

"ಹಂಗಂತ ಸೋತವರನ್ನ ದೊಡ್ಡವರು ಅನ್ನಾಕ ಬರ್ತದೇನ್ರಿ?" ಇದು ನಾನು.

ಆಗ ಅವರು ತಟ್ಟೆಯಲ್ಲಿ ಉಳಿದ ಚಹಾ ಸುರಿದುಕೊಂಡು ಕುಡಿದು, ಮೀಸೆ ಒರೆಸಿ, ಆ ಮಾತು ಹೇಳುತ್ತಿದ್ದರು. "ಕಪ್ ಇಟ್ಟ ಕಪಾಟ ಕೇಳಬ್ಯಾಡ್ರಿ, ಬೆಂಚ್ ಕೇಳ್ರಿ. ಹನ್ನೆರಡನೇದಾಂವ ಇರ್ತಾನಲಾ, ವರ್ಷಾನಗಟ್ಟಲೆ ಕೂತಲ್ಲೇ ಕೂತಾಂವ, ಅವನ್ನ ಕೇಳ್ರಿ ನಿಮ್ಮ ಕೋಚ್ ಹೆಂಗಪಾ ಅಂತ. ಅಂವ ಛಲೋ ಅಂದ್ರ ಛಲೋ. ಗೆದ್ದವರದೇನು, ಗೆದ್ದ ಮ್ಯಾಲ ಎಲ್ಲಾರನ್ನೂ ಛಲೋನ ಅಂತಾರ."

ಟೇಬಲ್ಲು ತಲೆದೂಗುತ್ತಿತ್ತು. ನನ್ನ ಕಿವಿ ಬಿಸಿಯಾಗುತ್ತಿತ್ತು. ಏಕೆಂದರೆ ಅವರ ತಂಡದ ಹನ್ನೆರಡನೆಯವಳು ನಾನೇ. ಆಗ ಜರ್ಸಿಯ ನಂಬರು ನಾಲ್ಕರಿಂದ ಶುರುವಾಗಿ ಹದಿನೈದಕ್ಕೆ ಮುಗಿಯುತ್ತಿತ್ತು. ಕೊನೆಯ ಹದಿನೈದು ನನ್ನದು. ಆ ಮಾತನ್ನು ಆಡುವಾಗ ಒಮ್ಮೆಯಾದರೂ ಅವರು ನನ್ನ ಕಡೆ ತಿರುಗಿ ನೋಡಿದ್ದಿಲ್ಲ.

ನಾನು ಹನ್ನೆರಡನೆಯವಳಾಗಿದ್ದು ನನ್ನ ಕೈ ಕೆಟ್ಟದ್ದಾಗಿತ್ತೆಂದಲ್ಲ. ಜಂಬವೆನ್ನಿ, ಏನಾದರೂ ಅನ್ನಿ, ಆ ಕಾಲನಿಯಲ್ಲಿ ನನ್ನಷ್ಟು ಚೆನ್ನಾಗಿ ಬಾಲನ್ನು ಬುಟ್ಟಿಗೆ ಹಾಕುವವರು ಇರಲಿಲ್ಲ. ಆದರೆ ನಾನು ಬಾಲ್ ಬಿಡುತ್ತಿರಲಿಲ್ಲ. "ನಿನ್ನ ಕೈಗೆ ಹೋದ ಬಾಲು ತವರಿಗೆ ಹೋದ ಸೊಸಿ ಇದ್ದಂಗ, ಲಗೂ ತಿರುಗಿ ಬರೂದಿಲ್ಲ" ಎನ್ನುತ್ತಿದ್ದರು ಸರ್. ನಾಲಿಗೆಯೂ ನನಗೆ ಉದ್ದ. ನಮ್ಮ ಕ್ಯಾಪ್ಟನ್ ಶಕ್ಕು, ಬೆಳಗಾವಿಯವರ ಮಗಳು, ಒಮ್ಮೆ ನಾನು ಅಪರೂಪಕ್ಕೆ ಕೊಟ್ಟ ಪಾಸನ್ನು ಕೈಬಿಟ್ಟಾಗ, ನಿನಗೆ ಬಾಲಿಗಿಂತ ಕಲ್ಲಂಗಡಿ ಹಿಡಿಯೋದು ಸುಲಭ ಎಂದು ಎಲ್ಲರೆದುರು ಹೇಳಿದ್ದೆ. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಸರ್ ನನ್ನ ಲೇಸು ಕಟ್ಟಿದರು.

ಈಗ ಆ ಫೈನಲ್‌ನ ಕಥೆ. ಖಡಕಿಯ ಹಳಬರನ್ನು ಯಾರನ್ನಾದರೂ ಕೇಳಿ, ಬಾಯಿಪಾಠ ಒಪ್ಪಿಸುತ್ತಾರೆ. ನಾಗಪುರದಲ್ಲಿ ಪಂದ್ಯ. ಪರೀಕ್ಷೆ, ಕಾಮಾಲೆ ಎಂದು ನಾಲ್ವರು ಬರಲಿಲ್ಲ, ಹೋದವರು ಎಂಟೇ ಜನ. ಆಟ ಬಿರುಸಾಗಿ, ಐದೈದು ಫೌಲ್ ಆಗಿ, ಮೂವರು ಹೊರಗೆ ಬಿದ್ದರು. ಇನ್ನು ಮೂರು ನಿಮಿಷ ಇದೆ ಎನ್ನುವಾಗ ಅಂಗಳದಲ್ಲಿ ಉಳಿದವರು ನಾಲ್ವರು. ಬೆಂಚಿನಲ್ಲಿದ್ದ ಒಬ್ಬಳಿಗೆ ಪಾದದ ಗಂಟು ಉಳುಕಿತ್ತು. ಆ ಕಡೆ ಐದು, ಈ ಕಡೆ ನಾಲ್ಕು. ಸರ್ ಅದೇನು ಮಂತ್ರ ಹಾಕಿದರೋ, ಒಂದು ಪಾಯಿಂಟಿನಿಂದ ಗೆದ್ದರು. ಕಪ್‌ಸಾಹೇಬ ಬರಲಿ, ಮೌನಿಬಾಬಾ ಬರಲಿ, ನಾಲ್ವರಿಂದ ಗೆದ್ದು ತೋರಿಸಲಿ ನೋಡೋಣ. ಇಲ್ಲಿಗೆ ಹಳಬರ ಕಥೆ ಮುಗಿಯುತ್ತದೆ. ಉಪ್ಪು ಖಾರ ಹಚ್ಚುವವರು ಕೊನೆಯ ಬುಟ್ಟಿಯನ್ನು ಅರ್ಧ ಅಂಗಳದಿಂದ ಹಾಕಿಸುತ್ತಾರೆ.

ಬೆಂಚಿನಲ್ಲಿದ್ದ ಆ ಒಬ್ಬಳು ನಾನು.

ಮೂರನೆಯವಳು ಹೊರಗೆ ಬಿದ್ದಾಗ ಸರ್ ಟೈಮ್‌ಔಟ್ ಕೇಳಿದರು. ನಾನು ಎದ್ದು ಜಾಕೆಟ್ ತೆಗೆದೆ. ಸರ್ ಆ ನಾಲ್ವರ ಜೊತೆ ತಲೆ ತಗ್ಗಿಸಿ ಏನೋ ಮಾತಾಡಿ ನನ್ನ ಹತ್ತಿರ ಬಂದು, ಕುಕ್ಕರಗಾಲಲ್ಲಿ ಕೂತು, ನನ್ನ ಬಲಗಾಲನ್ನು ತಮ್ಮ ಮೊಳಕಾಲ ಮೇಲೆ ಇಟ್ಟುಕೊಂಡರು. ಲೇಸು ಕಟ್ಟುತ್ತಾರೆ ಎಂದುಕೊಂಡೆ. ಶೂ ಬಿಚ್ಚಿ, ಚೀಲದಿಂದ ಕ್ರೇಪ್ ಬ್ಯಾಂಡೇಜ್ ತೆಗೆದು ಪಾದದ ಗಂಟಿನ ಸುತ್ತ ಸುತ್ತತೊಡಗಿದರು. ನನ್ನನ್ನು ಇಳಿಸುವ ಮುಂಚೆ ಕಾಲಿಗೆ ಬಲ ಕೊಡುತ್ತಿದ್ದಾರೆ ಎಂದುಕೊಂಡು ನಾನು ಉಬ್ಬಿಹೋದೆ. ಅಷ್ಟು ಹೊತ್ತು ಕಾದದ್ದಕ್ಕೆ ಕೊನೆಗೂ ಸರದಿ ಬಂತಲ್ಲ ಎಂದು ಕೂದಲು ಬಿಗಿದು ಕಟ್ಟಿಕೊಂಡೆ. ಸುತ್ತಿ ಮುಗಿಸಿ, ನನ್ನ ಭುಜ ಒತ್ತಿ ಕೂರಿಸಿ, ರೆಫರಿಗೆ ಮರಾಠಿಯಲ್ಲಿ ಹೇಳಿದರು. "ಪಂಧರಾ ನಂಬರಲಾ ಲಾಗ್ಲಂಯ, ಖೇಳೂ ಶಕತ್ ನಾಹೀ." ಹದಿನೈದನೇ ನಂಬರಿಗೆ ಪೆಟ್ಟಾಗಿದೆ, ಆಡಲಾರಳು. ಆಡಬಲ್ಲವಳೊಬ್ಬಳು ಬೆಂಚಿನಲ್ಲಿದ್ದರೆ ನಾಲ್ವರನ್ನೇ ಆಡಿಸುವ ಹಾಗಿಲ್ಲ, ಅದು ಆಟದ ನಿಯಮ.

ನಾನು ಬಾಯಿ ತೆರೆಯುವಷ್ಟರಲ್ಲಿ ಕಿವಿಯ ಹತ್ತಿರ ಬಂದು, "ಸುಮ್ಮನ ಕೂಡವಾ" ಎಂದರು. ಗೆದ್ದ ಮೇಲೆ ಇನ್ನೊಂದು ಮಾತು ಹೇಳಿದರು. "ಸ್ವಲ್ಪ ಕುಂಟಬೇಕಾಗ್ತದ ನೋಡು. ಇಲ್ಲಾಂದ್ರ ಕಪ್ ಕಸ್ಕೋತಾರ."

ನಾನು ಕುಂಟಿದೆ. ಕಪ್ ಹಿಡಿದ ಫೋಟೋಕ್ಕೆ ಶಕ್ಕುವಿನ ಭುಜ ಹಿಡಿದು ಕುಂಟಿದೆ. ರೈಲಿನಲ್ಲಿ ಕುಂಟಿದೆ. ಮನೆಯಲ್ಲಿ ಎಂಟು ದಿನ ಕುಂಟಿದೆ. ಅವ್ವ ಬಟ್ಟೆಯಲ್ಲಿ ಉಪ್ಪು ಕಟ್ಟಿ, ಹಂಚಿನ ಮೇಲೆ ಬಿಸಿ ಮಾಡಿ, ಏನೂ ಆಗದ ಆ ಕಾಲಿಗೆ ಶಾಖ ಕೊಟ್ಟಳು. ಒಂದು ದಿನ ಮರೆತು ಎಡಗಾಲು ಕುಂಟಿದ್ದಕ್ಕೆ, "ಯಾಕ, ನೋವು ಆ ಕಾಲಿಗೂ ಇಳೀತೇನು?" ಎಂದು ಕೇಳಿ ಅದಕ್ಕೂ ಶಾಖ ಕೊಟ್ಟಳು. ರಾಜ್ಯ ತಂಡದ ಶಿಬಿರಕ್ಕೆ ಆ ನಾಲ್ವರಿಗೆ ಕರೆ ಬಂತು. ಅವರ ಪೈಕಿ ಇಬ್ಬರಿಗೆ ಆಟದ ಮೇಲೆಯೇ ನೌಕರಿಯೂ ಆಯಿತು, ಶಕ್ಕು ಯೆರವಡಾದ ಕಡೆ ಒಂದು ಶಾಲೆಯಲ್ಲಿ ಆಟದ ಟೀಚರಾದಳು. ನಾನು ಗಾಯಾಳು. ಮರುವರ್ಷ ಆಡಲು ಹೋಗಲಿಲ್ಲ. ಭಾನುವಾರದ ಟೇಬಲ್ಲನ್ನು ಮಾತ್ರ ಬಿಡಲಿಲ್ಲ. ಮದುವೆಯಾಯಿತು, ಮಗಳು ಹುಟ್ಟಿದಳು, ನೌಕರಿ ಹಿಂಜವಾಡಿಗೆ ಹೋಯಿತು, ಮನೆ ಬದಲಾಯಿತು. ಭಾನುವಾರ ಬಂದರೆ ಸ್ಕೂಟರ್ ಖಡಕಿಯ ದಾರಿ ಹಿಡಿಯುತ್ತಿತ್ತು. ಆಟದ ಮೇಲೆ ಎಷ್ಟು ಪ್ರೀತಿ ಎಂದು ಗಂಡನಿಗೆ ಆಶ್ಚರ್ಯ. ಶತ್ರುವನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ಎಂದರೇನೆಂದು ಆ ಸಾಧು ಮನುಷ್ಯನಿಗೆ ಹೇಗೆ ಗೊತ್ತಾಗಬೇಕು?

ಒಮ್ಮೆ ಮಾತ್ರ ಕೈಗೆ ಸಿಕ್ಕಿದ್ದರು. ನಾಲ್ಕೈದು ವರ್ಷದ ಹಿಂದಿನ ಮಾತು. ಅಷ್ಟರಲ್ಲಿ ಅವರ ಮೊಣಕಾಲು ಕೈಕೊಟ್ಟು, ರಿಕ್ಷಾದಲ್ಲಿ ಬಂದು ಹೋಗುತ್ತಿದ್ದರು. ಆ ದಿನ ಮೌನಿಬಾಬಾನ ಸರದಿ. ಯಾರೋ ಹೊಸಬರು ನಾಗಪುರದ ಕಥೆ ಎತ್ತಿದರು. ಸರ್ ಯಾವತ್ತಿನಂತೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಐದು ಬಿಸ್ಕಿಟ್ ಜೋಡಿಸುತ್ತ ಕೂತರು. ಆಮೇಲೆ ಬೆಂಚ್ ಕೇಳ್ರಿ ಎಂಬ ಮಾತೂ ಬಂತು. ನಾನು ಗ್ಲಾಸ್ ಕೆಳಗಿಟ್ಟೆ.

"ಸರ, ಬ್ಯಾರೇದವರ ಬೆಂಚ್ ಬಿಡ್ರಿ. ನಿಮ್ಮ ಹನ್ನೆರಡನೇದಕಿನ್ನ ಎಂದಾದ್ರೂ ಕೇಳೀರೇನು?"

ಟೇಬಲ್ಲು ನಕ್ಕಿತು, ತಮಾಷೆ ಎಂದುಕೊಂಡು. ಶಕ್ಕು ನಗಲಿಲ್ಲ, ಫೋನ್ ನೋಡತೊಡಗಿದಳು. ಸರ್ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು. ಐದನೇ ಬಿಸ್ಕಿಟ್ಟನ್ನು ಒಂದು ಬೆರಳಿನಿಂದ ಸರಿಸುತ್ತ ಸರಿಸುತ್ತ ನನ್ನ ತಟ್ಟೆಯವರೆಗೆ ತಂದು ಬಿಟ್ಟರು.

"ಕೇಳೂದು ಬಾಕಿ ಅದವಾ" ಎಂದರು. "ಕೇಳಾಕ ಧೈರ್ಯ ಆಗವಲ್ದು."

ಅಷ್ಟೇ. ಧೈರ್ಯವಾಗದವರು ಎದ್ದು, ಕೋಲು ಹಿಡಿದು, ರಿಕ್ಷಾ ಹತ್ತಿ ಹೋದರು. ಆ ಬಿಸ್ಕಿಟ್ಟನ್ನು ನಾನು ತಿನ್ನಲಿಲ್ಲ, ಹೊರಗಿನ ನಾಯಿಗೆ ಹಾಕಿದೆ. ಮುಂದಿನ ಭಾನುವಾರ ಕೇಳಿಯಾರು, ಅದರ ಮುಂದಿನ ಭಾನುವಾರ ಕೇಳಿಯಾರು ಎಂದು ಕಾಯುತ್ತಲೇ ಇದ್ದೆ. ಕಪ್‌ಸಾಹೇಬನನ್ನೂ ಮಾಸ್ತರನನ್ನೂ ಮಾತಿನಲ್ಲಿ ಮಣ್ಣುಮುಕ್ಕಿಸಿದೆ. ಸರ್ "ಇಕಿ ಜೋಡಿ ವಾದಕ್ಕ ಇಳೀಬಾರದಪಾ" ಎಂದು ಎಲ್ಲರೆದುರು ಎರಡೂ ಕೈ ಎತ್ತಿದರು. ವಾದದಲ್ಲಿ ಗೆದ್ದು ನನಗೇನು ಆಗಬೇಕಿತ್ತು?

ಶ್ರದ್ಧಾಂಜಲಿ ಸಭೆ ಕಾಲನಿಯ ಹಾಲಿನಲ್ಲಿತ್ತು. ಹೋಗುವಾಗ ಕಪಾಟಿನ ತಳದಿಂದ ಆ ಕ್ರೇಪ್ ಬ್ಯಾಂಡೇಜ್ ತೆಗೆದು ಪರ್ಸಿನಲ್ಲಿ ಇಟ್ಟುಕೊಂಡೆ. ಹೌದು, ಇಟ್ಟುಕೊಂಡಿದ್ದೆ. ಬಣ್ಣ ಹೋಗಿ, ಎಲಾಸ್ಟಿಕ್ ಸತ್ತು, ಹಳೆಯ ಸೀರೆಯ ಅಂಚಿನಂತಾಗಿತ್ತು. ಹಾಲಿನ ತುಂಬ ಜನ. ಫೋಟೋದಲ್ಲಿ ಸರ್ ಸೀಟಿಯೊಂದಿಗೆ ಇದ್ದರು. ಮರಾಠಿಯಲ್ಲಿ ಕೆಲವರು, ಕನ್ನಡದಲ್ಲಿ ಕೆಲವರು, ಎಲ್ಲರೂ ಅದೇ ಮಾತು ಹೇಳಿದರು. ಪ್ರಪಂಚದ ಕೋಚ್‌ಗಳ ಬಗ್ಗೆ ಜೀವಮಾನವೆಲ್ಲ ವಾದಿಸಿದರು, ಎಲ್ಲರಿಗಿಂತ ದೊಡ್ಡವರು ತಾವೇ ಎಂದು ಅವರಿಗೆ ತಿಳಿಯಲಿಲ್ಲ. ನಾಲ್ವರಿಂದ ಗೆದ್ದ ಕಥೆ ಮೂರು ಸಲ ಬಂತು. ಆ ನಾಲ್ವರು ಮುಂದಿನ ಸಾಲಿನಲ್ಲಿ ಬಿಳಿ ಸೀರೆ, ಬಿಳಿ ಕುರ್ತಾದಲ್ಲಿ ಕೂತಿದ್ದರು.

ಯಾರೂ ಕರೆಯದೆ ನಾನು ಎದ್ದೆ.

"ಸರ ಒಂದು ಮಾತು ಹೇಳ್ತಿದ್ರು" ಎಂದೆ. "ಕೋಚ್ ಹೆಂಗ ಅಂತ ತಿಳೀಬೇಕಂದ್ರ ಹನ್ನೆರಡನೇದವರನ್ನ ಕೇಳ್ರಿ ಅಂತ. ಇವತ್ತಿನತನಕಾ ಯಾರೂ ಕೇಳಲಿಲ್ಲ, ನಾನ ಹೇಳ್ತೀನಿ. ಆ ದಿವಸ ನನ್ನ ಕಾಲಿಗೆ ಏನೂ ಆಗಿದ್ದಿಲ್ಲ. ನಾನು ಆಡಾಕ ತಯಾರಿದ್ದೆ. ಸರ ಸುಳ್ಳು ಹೇಳಿದ್ರು. ನೀವು ನಾಲ್ಕು ಮಂದಿ ಗೆದ್ದರು ಅಂತೀರಿ, ಐದನೇದಕಿನ್ನ ಕಟ್ಟಿಹಾಕಿ ಗೆದ್ದರು."

ಬ್ಯಾಂಡೇಜನ್ನು ಬಿಚ್ಚಿ ಫೋಟೋದ ಮುಂದೆ, ಹೂವಿನ ಪಕ್ಕದಲ್ಲಿ ಇಟ್ಟೆ. ಇಪ್ಪತ್ತೆಂಟು ವರ್ಷದ ಭಾರ ಇಳಿದಂತಾಗಿ, ತಿರುಗಿ ಆ ನಾಲ್ವರ ಮುಖ ನೋಡಿದೆ. ಅವರು ಬೆಚ್ಚಿಬೀಳುವುದನ್ನು ನೋಡುವ ಆಸೆ ನನಗೆ, ಸುಳ್ಳೇಕೆ ಹೇಳಲಿ. ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನ ನಾಲ್ವರಲ್ಲಿ ಒಬ್ಬಳೂ ಬೆಚ್ಚಲಿಲ್ಲ. ನಾಲ್ವರೂ ಒಟ್ಟಿಗೆ ತಲೆ ತಗ್ಗಿಸಿದರು, ಸೀಟಿ ಊದಿದ ಹಾಗೆ.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಶಕ್ಕು ಬಂದು ನನ್ನ ಕೈ ಹಿಡಿದಳು.

"ನಮಗ ಗೊತ್ತಿತ್ತು" ಎಂದಳು.

"ಏನು ಗೊತ್ತಿತ್ತು?"

"ನಿನ್ನ ಕಾಲು ಛಲೋ ಇತ್ತು ಅಂತ. ಟೈಮ್‌ಔಟ್‌ದಾಗ ಸರ ನಮ್ಮನ್ನ ಕೇಳಿದ್ರು. ಅಕಿನ್ನ ಇಳಸ್ತೀನಿ, ತಯಾರದಾಳ ಅಂದ್ರು. ನಾವ ಬ್ಯಾಡಂದ್ವಿ. ಅಕಿ ಬಂದ್ರ ನಮಗ ಬಾಲ್ ಸಿಗೂದಿಲ್ಲ, ನಾವು ಆಡೂದಿಲ್ಲ ಅಂದ್ವಿ. ಮೊದಲು ಅಂದಾಕಿ ನಾನ."

ನಾನು ಕೈ ಬಿಡಿಸಿಕೊಂಡೆ. ಅವಳು ಮುಂದುವರಿಸಿದಳು.

"ಸರ ಎರಡು ಸಲ ಕೇಳಿದ್ರು. ಟೈಮ್ ಮುಗೀತು. ಆಮ್ಯಾಲ ಅಂದ್ರು, ಹಂಗಾದ್ರ ಈ ತಪ್ಪು ನಂದು ಅಂತ ಇರ್ಲಿ, ನೀವು ಅಕಿ ಕೂಡ ನಾಳೆನೂ ಆಡೋರು, ಯಾರೂ ಅಕಿ ಮುಂದ ಬಾಯಿ ಬಿಡಬ್ಯಾಡ್ರಿ ಅಂತ. ಹೋದ ತಿಂಗಳ ದವಾಖಾನ್ಯಾಗೂ ನನ್ನ ಕಡೆ ಅದನ್ನ ಆಣಿ ಹಾಕಿಸ್ಕೊಂಡ್ರು. ಇವತ್ತ ನೀ ಅವರ ಫೋಟೋದ ಮುಂದ ಹಂಗ ಮಾಡಿದ ಮ್ಯಾಲ ನನಗ ತಡಕೊಳ್ಳಾಕ ಆಗಲಿಲ್ಲ."

ಕಣ್ಣೀರು ಹಾಕಿದಳು. ಅವಳ ಹಿಂದೆ ಉಳಿದ ಮೂವರು ನಿಂತಿದ್ದರು. ನನ್ನ ಕಣ್ಣಲ್ಲೂ ನೀರು ಬರಬಹುದೆಂದು ಕಾಯುತ್ತಿದ್ದಂತಿತ್ತು. ಬಂದಿದ್ದರೆ ನಾಲ್ವರ ಪಾಪವೂ ಅಲ್ಲೇ ತೊಳೆದು ಹೋಗುತ್ತಿತ್ತು. ನಾನು ಬ್ಯಾಂಡೇಜನ್ನು ತರಲು ಒಳಗೆ ಹೋದೆ. ಯಾರೋ ಅದನ್ನು ಆಗಲೇ ತೆಗೆದು ಕಸದ ಬುಟ್ಟಿಗೆ ಹಾಕಿದ್ದರು. ಬಗ್ಗಿ ಎತ್ತಿಕೊಂಡು, ಅಲ್ಲಿ ನಿಂತುಕೊಂಡೇ ಕೊಡವಿ ಸುತ್ತಿದೆ.

ಈ ಕೆಲವು ದಿನಗಳಿಂದ ಯೋಚಿಸುತ್ತಿದ್ದೇನೆ. ಗೆಲುವನ್ನು ಹುಡುಗಿಯರಿಗೆ ಬಿಟ್ಟು, ಸುಳ್ಳನ್ನು ತಾನೊಬ್ಬನೇ ಹೊತ್ತು, ಒಬ್ಬಳ ದ್ವೇಷವನ್ನು ಭಾನುವಾರ ಭಾನುವಾರ ಚಹಾದ ಜೊತೆ ನುಂಗಿದ ಮನುಷ್ಯ. ಇಂಥ ಕೆಲಸವನ್ನು ಕಪ್‌ಸಾಹೇಬ ಮಾಡುತ್ತಿದ್ದನೇ, ಮೌನಿಬಾಬಾ ಮಾಡುತ್ತಿದ್ದನೇ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನಬೇಕಾಗುತ್ತದೆ. ಅನ್ನುತ್ತೇನೆ, ವಾದದಲ್ಲಿ ನಾನು ಮೋಸ ಮಾಡುವವಳಲ್ಲ. ಆದರೆ ಕ್ಷಮಿಸಿಬಿಟ್ಟೆ ಎಂದು ತಿಳಿಯಬೇಡಿ. ನಾಲ್ವರನ್ನು ಎರಡೆರಡು ಸಲ ಕೇಳಿದವರು ಎರಡು ಹೆಜ್ಜೆ ಆಚೆ ಜಾಕೆಟ್ ತೆಗೆದು ನಿಂತಿದ್ದವಳನ್ನು ಒಂದು ಸಲ ಕೇಳಬಹುದಿತ್ತು. ಬಾಲ್ ಕೊಡ್ತೀಯೇನವಾ ಎಂದು ಕೇಳಿದ್ದರೆ, ಆ ಮೂರು ನಿಮಿಷ ನಾನು ಬುಟ್ಟಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವರ ಲೆಕ್ಕ ಅಲ್ಲಿಗೆ ನಿಂತಿತು. ಅದನ್ನು ಸತ್ತವರ ಜೊತೆ ತೀರಿಸುವ ದಾರಿ ನನಗೆ ಗೊತ್ತಿಲ್ಲ. ಬದುಕಿರುವವರದು ಬೇರೆ ಮಾತು.

ನಾಳೆ ಭಾನುವಾರ. ಶಕ್ಕು ಫೋನ್ ಮಾಡಿದ್ದಳು. ಟೇಬಲ್ ನಿಲ್ಲಿಸಬಾರದು, ಸರ್ ನೆನಪಿಗೆ ನಾವು ನಾಲ್ವರೂ ಇನ್ನು ಪ್ರತಿ ವಾರ ಬರುತ್ತೇವೆ, ನೀನೂ ಬರುತ್ತೀಯಲ್ಲ ಎಂದು ಅಂಜುತ್ತ ಕೇಳಿದಳು. ಬರುತ್ತೇನೆ ಎಂದೆ. ಬಿಸ್ಕಿಟ್ ನಾನೇ ತರುತ್ತೇನೆ ಎಂದೂ ಹೇಳಿದೆ. ಅವಳಿಗೆ ಎಷ್ಟು ಸಮಾಧಾನವಾಯಿತೋ, ಪಾಪ. ನಾಲ್ವರಿಗೂ ಐವತ್ತರ ಹತ್ತಿರ ಬಂತು, ಆಡಿ ಆಡಿ ಮೊಣಕಾಲು ಸವೆದಿವೆ, ಮೆಟ್ಟಿಲು ಹತ್ತುವಾಗ ಏದುತ್ತಾರೆ. ನನ್ನ ಕಾಲು ಇನ್ನೂ ಗಟ್ಟಿಯಾಗಿವೆ. ನಾನು ಆ ದಿನ ಅಂಗಳಕ್ಕೆ ಇಳಿದೇ ಇಲ್ಲವಲ್ಲ.